ದೀರ್ಘಾಯುಷ್ಯವೂ ಕಾಯಕವೂ

ದೀರ್ಘಾಯುಷ್ಯವನ್ನು ಬಯಸದ ಮನುಷ್ಯನು ವಿರಳ. ಕಾಲಿಗೆರಗಿದ ಮಗುವನ್ನು ಹರಸುವ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು ನೂರು ವರ್ಷ ಬಾಳೆಂಬುದೇ. ವಿದ್ಯೆ, ಐಶ್ವರ್ಯ, ಸಂತಾನಗಳು ಅದರ ಹಿಂದೆ ಬರುವುವು. ಆದರೆ ಆ ಹರಕೆಯು ಅಕ್ಷರಶಃ ಫಲಿಸಿದರೆ, ಫಲಿಸಿ ನೂರನ್ನೂ ದಾಟಿ ನೂರಹತ್ತನ್ನು ಮುಟ್ಟಿದರೆ, ಆ ಬಾಳು ಎಂತಹುದಾಗಿರುವುದೆಂಬುದನ್ನು ಹರಸಿದವರು ಯೋಚಿಸಿರುವುದಿಲ್ಲ. ಮನುಷ್ಯನು ಉದ್ಯೋಗದಿಂದ ನಿವೃತ್ತನಾಗುವುದು ಐವತ್ತೆಂಟಕ್ಕೋ ಅರವತ್ತಕ್ಕೋ. ಅಲ್ಲಿಂದ ಮುಂದೆ ಮತ್ತೆ ಐವತ್ತು ವರ್ಷ ಬದುಕಿದವನ ಆಯುಷ್ಯದಲ್ಲಿ ಹೆಚ್ಚುಕಡಿಮೆ ಅರ್ಧಭಾಗವು ಉದ್ಯೋಗವಿಲ್ಲದ ಆಯುಷ್ಯವೇ ಆಗುವುದು. ಆ ಅರ್ಧವು ಪುಣ್ಯದ ಫಲವೋ, ಬರಿಯ ಆಕಸ್ಮಿಕವೋ, ಅನ್ಯರ ಮೇಲೆ ಹೊರಿಸಿದ ಭಾರವೋ, ಅಥವಾ ತೀರಿಸಬೇಕಾದ ಋಣವೋ? ಕಾಯಕವನ್ನು ಬಾಳಿನ ಒರೆಗಲ್ಲಾಗಿ ಇರಿಸಿಕೊಂಡವರಿಗೆ ಈ ಪ್ರಶ್ನೆಯು ಇನ್ನಷ್ಟು ಕಠಿನವಾದುದು. ಕಾಯಕವು ನಿಂತ ಮೇಲೆ ಉಳಿದ ಆಯುಷ್ಯಕ್ಕೆ ಬೆಲೆಯೇನು? ಶಾಲೆಯ ಉಪಾಧ್ಯಾಯರ ಬಾಳನ್ನು ಮುಂದಿರಿಸಿಕೊಂಡರೆ ಈ ವಿಚಾರವು ಸ್ಪಷ್ಟವಾಗುವುದು. ಏಕೆಂದರೆ ಊರಿನ ಜನರ ವರ್ಷಗಳನ್ನು ಬರೆದಿಟ್ಟವರೇ ಉಪಾಧ್ಯಾಯರು.

ಇದನ್ನು ಅರಿಯಬೇಕಾದರೆ ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯನ್ನು ನೋಡಬಹುದು. ಹಿಂದಿನ ತಲೆಮಾರಿನವರು ತಮ್ಮ ಹುಟ್ಟನ್ನು ಇಸವಿಯಿಂದ ಹೇಳುತ್ತಿರಲಿಲ್ಲ. ಧಾತು-ಈಶ್ವರದ ಬರ, ಎಂದರೆ ೧೮೭೬-೭೮ರ ಮಹಾಕ್ಷಾಮ. ಕಾಳಯುಕ್ತಿಯ ಜ್ವರ, ಎಂದರೆ ೧೯೧೮ರ ಇನ್‌ಫ್ಲುಯೆಂಜಾ. ರಕ್ತಾಕ್ಷಿಯ ಪ್ರವಾಹ, ಎಂದರೆ ೧೯೨೪ರಲ್ಲಿ ಕಾವೇರಿಯು ಮೇರೆ ಮೀರಿ ಹರಿದುದು. ಇಂತಹ ವಿಪತ್ತುಗಳೇ ಜನರ ನೆನಪಿನ ಪಂಚಾಂಗವಾಗಿದ್ದುವು. ಆದರೆ ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದು. ರಕ್ತಾಕ್ಷಿಯಲ್ಲಿ ಹುಟ್ಟಿದವನೆಂದರೆ ೧೯೨೪ರವನೂ ಆಗಬಹುದು, ೧೮೬೪ರವನೂ ಆಗಬಹುದು. ತಾತನ ಹುಟ್ಟೂ ಮೊಮ್ಮಗನ ಹುಟ್ಟೂ ಒಂದೇ ಹೆಸರಿನೊಳಗೆ ಅಡಗಿಬಿಡುವುವು. ಶಾಲೆಗೆ ಸೇರಿಸಲು ಕರೆತಂದ ಮಗುವಿನ ಹುಟ್ಟಿದ ದಿನವನ್ನು ತಂದೆಯು ಅರಿಯದಿದ್ದಾಗ, ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಿಸಿ ನೋಡಿ, ಮುಟ್ಟಿದರೆ ಐದೋ ಆರೋ ವರ್ಷವಾಗಿದೆಯೆಂದು ನಿರ್ಧರಿಸಿ, ದಾಖಲಾತಿ ಪುಸ್ತಕದಲ್ಲಿ ಜೂನ್ ತಿಂಗಳಿನ ಒಂದು ತಾರೀಖನ್ನು ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಆ ತಾರೀಖೇ ಮುಂದೆ ನೌಕರಿಗೂ ನಿವೃತ್ತಿಗೂ ಆಧಾರವಾಗುತ್ತಿದ್ದಿತು. ಇಡೀ ದೇಶಕ್ಕೆ ಒಂದೇ ಬಗೆಯ ಜನನ ಮರಣಗಳ ನೋಂದಣಿಯ ಕಾನೂನು ಬಂದುದು ೧೯೬೯ರಲ್ಲಿ.

ಆಡಳಿತದ ಗಡಿಯೂ ಸ್ಥಿರವಾಗಿರಲಿಲ್ಲ. ಯಳಂದೂರು ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರು ಸೀಮೆಯೊಳಗೇ ಇದ್ದಿತು. ಅದರ ನೆರೆಯ ಕೊಳ್ಳೇಗಾಲವಾದರೋ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂದಿತು. ೧೯೯೭ರಲ್ಲಿ ಚಾಮರಾಜನಗರವು ಜಿಲ್ಲೆಯಾಯಿತು. ಅನಂತರ ಹನೂರು ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾಯಿತು. ರಕ್ತಾಕ್ಷಿಯ ಪ್ರವಾಹದ ವರ್ಷದಲ್ಲಿ ಹನೂರಿನ ಕಡೆ ಹುಟ್ಟಿ ನೂರು ವರ್ಷ ಬಾಳಿದವನೊಬ್ಬನು ತನ್ನ ಮನೆಯ ಜಗಲಿಯಿಂದ ಕದಲದೆಯೇ ಎರಡು ರಾಜ್ಯಗಳನ್ನೂ ಮೂರು ಜಿಲ್ಲೆಗಳನ್ನೂ ಎರಡು ತಾಲ್ಲೂಕುಗಳನ್ನೂ ಕಂಡಂತಾಗುವುದು. ಮನುಷ್ಯನ ಬಾಳಿಗೆ ಹೊರಗಿನಿಂದ ಹಚ್ಚುವ ಅಳತೆಗಳು ಎಷ್ಟು ಸಡಿಲವಾದುವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಈ ಸಡಿಲತೆಯ ಕಾರಣದಿಂದಲೇ ವಯಸ್ಸನ್ನು ಕುರಿತು ಶೋಧಿಸುವ ವಿದ್ವಾಂಸರು ನೂರಹತ್ತನ್ನು ಮೀರಿದ ಆಯುಷ್ಯವನ್ನು ಬಾಯಿಮಾತಿನ ಮೇಲೆ ಒಪ್ಪುವುದಿಲ್ಲ. ಹುಟ್ಟಿದಾಗಿನ ದಾಖಲೆ, ಬಾಲ್ಯದ ಜನಗಣತಿಯ ಪಟ್ಟಿ, ವಿವಾಹದ ಪತ್ರ ಇವು ಒಂದಕ್ಕೊಂದು ಹೊಂದಿಕೆಯಾದರೆ ಮಾತ್ರ ಅದನ್ನು ಅಂಗೀಕರಿಸುವರು. ಹೀಗೆ ಪರೀಕ್ಷೆಗೆ ಒಳಪಟ್ಟು ಉಳಿದ ಆಯುಷ್ಯಗಳಲ್ಲಿ ಅತ್ಯಂತ ದೀರ್ಘವಾದುದು ಫ್ರಾನ್ಸ್ ದೇಶದ ಜೀನ್ ಕಾಲ್ಮೆಂಟ್ ಎಂಬ ಮಹಿಳೆಯದು. ಆಕೆ ೧೮೭೫ರಲ್ಲಿ ಹುಟ್ಟಿ ೧೯೯೭ರಲ್ಲಿ ತೀರಿಕೊಂಡಾಗ ೧೨೨ ವರ್ಷ ೧೬೪ ದಿನಗಳಾಗಿದ್ದುವು. ಎಂದರೆ ಅರವತ್ತು ಸಂವತ್ಸರಗಳ ಸುತ್ತನ್ನು ಎರಡು ಸಲ ಪೂರ್ಣವಾಗಿ ಸುತ್ತಿ ಬಂದಂತಾಯಿತು. ನೂರನ್ನು ಮುಟ್ಟಿದ ಸಾವಿರ ಮಂದಿಯಲ್ಲಿ ನೂರಹತ್ತನ್ನು ಕಾಣುವವನು ಹೆಚ್ಚುಕಡಿಮೆ ಒಬ್ಬನು. ಆ ಮೇಲೆ ವರ್ಷ ವರ್ಷವೂ ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ತೀರಿಹೋಗುವರು. ಯುಗಾದಿ ಬಂದಾಗಲೊಮ್ಮೆ ನಾಣ್ಯವನ್ನು ಚಿಮ್ಮಿ ನೋಡಿದಂತೆ ಅವರ ಬದುಕು. ಅವರಲ್ಲಿ ಬಹುಪಾಲು ಸ್ತ್ರೀಯರು.

ಈ ವಿರಳರ ಪಂಕ್ತಿಯಲ್ಲಿ ಒಬ್ಬ ಶಾಲಾ ಉಪಾಧ್ಯಾಯಿನಿಯ ಹೆಸರು ಇರುವುದು. ಅಮೆರಿಕದ ಟೆನೆಸ್ಸೀ ಪ್ರಾಂತದಲ್ಲಿ ೧೮೯೬ರ ಆಗಸ್ಟ್ ೨೬ರಂದು ಎಂಟು ಮಕ್ಕಳ ಮನೆಯಲ್ಲಿ ಮೂರನೆಯವಳಾಗಿ ಹುಟ್ಟಿದ ಬೆಸ್ಸೀ ಕೂಪರ್ ಎಂಬಾಕೆಯೇ ಆಕೆ. ೧೯೧೬ರಲ್ಲಿ ಉಪಾಧ್ಯಾಯರ ತರಬೇತಿಯನ್ನು ಮುಗಿಸಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹೆಚ್ಚಿನ ಸಂಬಳವನ್ನು ಅರಸಿ ಜಾರ್ಜಿಯಾ ಪ್ರಾಂತದ ಬಿಟ್ವೀನ್ ಎಂಬ ಸಣ್ಣ ಊರಿಗೆ ಬಂದು ಅಲ್ಲಿನ ಮಕ್ಕಳಿಗೆ ಪಾಠ ಹೇಳಿದರು. ೧೯೨೪ರಲ್ಲಿ ವಿವಾಹವಾಯಿತು. ೧೯೨೯ರಲ್ಲಿ ಶಾಲೆಯ ಕೆಲಸವನ್ನು ಬಿಟ್ಟು ಮನೆಯನ್ನೂ ನಾಲ್ವರು ಮಕ್ಕಳನ್ನೂ ನೋಡಿಕೊಂಡರು. ೧೯೬೩ರಲ್ಲಿ ಪತಿಯು ತೀರಿಕೊಂಡ ಮೇಲೆ ಅರ್ಧ ಶತಮಾನಕ್ಕೆ ಸಮೀಪದಷ್ಟು ಕಾಲ ವೈಧವ್ಯದಲ್ಲಿ ಬಾಳಿದರು. ನೂರೈದು ವರ್ಷ ತುಂಬುವವರೆಗೂ ತೋಟದ ಮನೆಯಲ್ಲಿ ಒಬ್ಬರೇ ಇದ್ದರು. ೨೦೧೧ರಲ್ಲಿ ಜಗತ್ತಿನಲ್ಲಿಯೇ ಅತ್ಯಂತ ಹಿರಿಯ ಜೀವವೆಂದು ಮನ್ನಣೆ ಪಡೆದರು. ೨೦೧೨ರಲ್ಲಿ ಊರಿನವರು ಒಂದು ಸೇತುವೆಗೆ ಅವರ ಹೆಸರನ್ನಿಟ್ಟರು. ಅದೇ ವರ್ಷದ ಡಿಸೆಂಬರ್ ೪ರಂದು, ೧೧೬ ವರ್ಷ ೧೦೦ ದಿನಗಳ ವಯಸ್ಸಿನಲ್ಲಿ, ತಲೆಗೂದಲನ್ನು ಒಪ್ಪಮಾಡಿಸಿಕೊಂಡ ದಿನವೇ, ಅವರು ತೀರಿಕೊಂಡರು. ಶಾಲೆಯಲ್ಲಿ ಕಳೆದುದು ಹನ್ನೆರಡು ವರ್ಷ; ಶಾಲೆಯನ್ನು ಬಿಟ್ಟ ಮೇಲೆ ಬದುಕಿದುದು ಎಂಬತ್ತಮೂರು ವರ್ಷ. ಬ್ರೆಜಿಲ್ ದೇಶದಲ್ಲಿ ೧೯೦೮ರಲ್ಲಿ ಹುಟ್ಟಿ ೨೦೨೫ರವರೆಗೆ ಬಾಳಿದ ಇನಾ ಕನಬಾರೊ ಲೂಕಸ್ ಎಂಬ ಸಂನ್ಯಾಸಿನಿಯೂ ಗಣಿತವನ್ನೂ ಭಾಷೆಯನ್ನೂ ಕಲಿಸಿದ ಉಪಾಧ್ಯಾಯಿನಿಯೇ.

ಇಷ್ಟು ದೀರ್ಘವಾದ ಬಾಳಿನ ಗುಟ್ಟೇನೆಂದು ಬೆಸ್ಸೀ ಕೂಪರರನ್ನು ಜನರು ಕೇಳಿದರು. ಪರರ ಗೊಡವೆಗೆ ಹೋಗದಿರುವುದು, ಕುರುಕಲು ತಿಂಡಿಯನ್ನು ತಿನ್ನದಿರುವುದು, ಇವೆರಡೇ ತಮ್ಮ ಗುಟ್ಟೆಂಬುದು ಅವರ ಉತ್ತರವಾಗಿದ್ದಿತು. ಮೊದಲನೆಯದು ಮನಸ್ಸಿನ ಪಥ್ಯ, ಎರಡನೆಯದು ನಾಲಗೆಯ ಪಥ್ಯ, ಎರಡೂ ಶ್ಲಾಘ್ಯವಾದುವೇ. ಆದರೆ ಈ ಎರಡು ಪಥ್ಯಗಳನ್ನೂ ಪಾಲಿಸಿ ಐವತ್ತಕ್ಕೇ ತೀರಿಹೋದವರು ಪ್ರತಿಯೊಂದು ಊರಿನಲ್ಲಿಯೂ ಇರುವರು. ಎರಡನ್ನೂ ಮುರಿದು ತೊಂಬತ್ತನ್ನು ದಾಟಿದವರೂ ಇರುವರು. ವಂಶದಿಂದ ಬಂದ ದೇಹಬಲ, ಶುದ್ಧವಾದ ನೀರು, ಬಾಲ್ಯದಲ್ಲಿ ಮೈಲಿ ಕಾಲರಾಗಳಿಂದ ಪಾರಾದುದು, ಸಕಾಲದಲ್ಲಿ ದೊರೆತ ವೈದ್ಯ, ಇವೆಲ್ಲವೂ ಸೇರಿ ಆಯುಷ್ಯವನ್ನು ಕಟ್ಟುವುವು. ಇವುಗಳಲ್ಲಿ ಹೆಚ್ಚಿನವು ಮನುಷ್ಯನ ಕೈಯಲ್ಲಿಲ್ಲ.

ಆದುದರಿಂದ ದೀರ್ಘಾಯುಷ್ಯವು ಸದ್ಗುಣಕ್ಕೆ ದೊರೆತ ಬಹುಮಾನವೆಂಬ ನಂಬಿಕೆಯನ್ನು ಮೊದಲು ಬಿಡಬೇಕು. ಹಾಗೆಂದು ನಂಬಿದರೆ ಅಲ್ಪಾಯುಷ್ಯವು ದೋಷಕ್ಕೆ ದೊರೆತ ಶಿಕ್ಷೆಯೆಂದು ಒಪ್ಪಬೇಕಾಗುವುದು. ಅದಕ್ಕಿಂತ ಕ್ರೂರವಾದ ಸಿದ್ಧಾಂತವಿಲ್ಲ. ಎಳೆಯ ಮಗುವನ್ನು ಮಣ್ಣುಮಾಡಿ ಬಂದ ತಾಯಿಯ ಮುಂದೆ ಆ ಸಿದ್ಧಾಂತವನ್ನು ಹೇಳಲು ಯಾರಿಗೆ ನಾಲಗೆ ಬಂದೀತು? ಚೆನ್ನಬಸವಣ್ಣನವರು ಎಳೆಯ ವಯಸ್ಸಿನಲ್ಲಿಯೇ ಲಿಂಗೈಕ್ಯರಾದರೆಂದು ಪರಂಪರೆಯು ಹೇಳುವುದು. ೧೮೬೩ರಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದರು ೧೯೦೨ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ದೇಹವನ್ನು ಬಿಟ್ಟರು. ಯಳಂದೂರಿನ ಹೆಣ್ಣುಮಗಳು ಸಂಚಿಯ ಹೊನ್ನಮ್ಮನು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ವನ್ನು ರಚಿಸಿದಳು, ಆಕೆ ಎಷ್ಟು ವರ್ಷ ಬಾಳಿದಳೆಂದು ಯಾರೂ ಎಣಿಸಿಡಲಿಲ್ಲ, ಆದರೂ ಆಕೆಯ ಹೆಸರು ಮೂರು ಶತಮಾನಗಳಿಂದ ಉಳಿದಿದೆ. ಅದೇ ಊರಿನ ಮಠದಲ್ಲಿದ್ದು ‘ರಾಜಶೇಖರ ವಿಳಾಸ’ವನ್ನು ಬರೆದ ಷಡಕ್ಷರದೇವನನ್ನೂ ಜನರು ಕಾವ್ಯದಿಂದ ಬಲ್ಲರೇ ಹೊರತು ವಯಸ್ಸಿನಿಂದಲ್ಲ.

ಆಯುಷ್ಯವು ಬಹುಮಾನವಲ್ಲವೆಂದ ಮೇಲೆ ಅದು ಮತ್ತೇನು? ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ನೆನೆಯುವುದು ಉಚಿತ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸುವುದು ಆ ದಂಪತಿಗಳ ನಿತ್ಯಕ್ರಮವಾಗಿದ್ದಿತು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದು ಆಸೆಯೆಂದು ತಿಳಿದು, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದಳು. ಸಾಮಾನ್ಯವಾದ ಆಯುಷ್ಯಕ್ಕೆ ಮಿಗಿಲಾಗಿ ಬಂದ ವರ್ಷಗಳೂ ಆ ಹೆಚ್ಚಿನ ಅಕ್ಕಿಯಂತೆಯೇ. ತನಗೆ ಸಲ್ಲತಕ್ಕದ್ದೆಂದು ಅವುಗಳ ಮೇಲೆ ಹಕ್ಕು ಸಾಧಿಸಲು ಬರುವುದಿಲ್ಲ. ಆದರೆ ಒಂದು ಭೇದವಿದೆ. ಅಕ್ಕಿಯನ್ನು ಅಂಗಳಕ್ಕೆ ಹಿಂದಿರುಗಿಸಬಹುದು. ವರ್ಷಗಳನ್ನು ಹಿಂದಿರುಗಿಸಲು ಯಾವ ಅಂಗಳವೂ ಇಲ್ಲ. ಕೂಡಿಡಲೂ ಬಾರದು, ಹಿಂದಕ್ಕೆ ಕೊಡಲೂ ಬಾರದು. ಅಂತಹ ವಸ್ತುವಿಗೆ ಉಳಿದಿರುವ ದಾರಿ ಒಂದೇ, ಹಂಚುವುದು.

ಹಂಚುವುದೆಂದರೇನೆಂಬುದಕ್ಕೆ ಕನ್ನಡನಾಡಿನ ಇಬ್ಬರು ಶತಾಯುಷಿಗಳ ಬಾಳು ಕಣ್ಣಮುಂದಿದೆ. ಒಬ್ಬರು ಗೃಹಸ್ಥರಾದ ಉಪಾಧ್ಯಾಯರು, ಇನ್ನೊಬ್ಬರು ವಿರಕ್ತರು. ಪ್ರೊ. ಜಿ. ವೆಂಕಟಸುಬ್ಬಯ್ಯನವರು ೧೯೧೩ರ ಆಗಸ್ಟ್ ೨೩ರಂದು ಜನಿಸಿ, ಮೈಸೂರಿನಲ್ಲಿ ಕನ್ನಡವನ್ನು ಅಭ್ಯಸಿಸಿ, ಮಂಡ್ಯದ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿ ತೊಡಗಿ, ಬೆಂಗಳೂರಿನ ವಿಜಯಾ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿ, ೧೯೭೩ರಲ್ಲಿ ನಿವೃತ್ತರಾದರು. ಸಂವತ್ಸರಗಳ ಒಂದು ಸುತ್ತು ಆಗ ಮುಗಿದಿತ್ತು. ಲೋಕವು ಅವರನ್ನು ಹೆಚ್ಚಾಗಿ ನೆನೆಯುವುದು ಎರಡನೆಯ ಸುತ್ತಿನ ಕೆಲಸಕ್ಕಾಗಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದರು. ಆ ನಿಘಂಟು ೧೯೯೫ರಲ್ಲಿ ಪೂರ್ಣವಾಯಿತು. ೧೯೯೧ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣದ ಮೂಲಕ ಯಾರೋ ಎಲ್ಲಿಂದಲೋ ಕೇಳಿದ ಒಂದೊಂದು ಪದದ ಸಂಶಯವನ್ನೂ ವರ್ಷಗಟ್ಟಲೆ ಬಿಡಿಸಿದರು. ೨೦೧೧ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದಾಗ ತೊಂಬತ್ತೇಳು ವರ್ಷ. ೨೦೨೧ರ ಏಪ್ರಿಲ್ ೧೯ರಂದು ತೀರಿಕೊಂಡಾಗ ನೂರೇಳು. ತರಗತಿಯ ಬಾಗಿಲು ಮುಚ್ಚಿದ ಮೇಲೂ ನಲವತ್ತೆಂಟು ವರ್ಷಗಳ ಕಾಲ ಅವರು ಉಪಾಧ್ಯಾಯರಾಗಿಯೇ ಇದ್ದರೆಂಬುದು ಗಮನಿಸತಕ್ಕದ್ದು. ಅವರು ಬಿಟ್ಟುದು ಹಾಜರಿ ಪುಸ್ತಕವನ್ನು ಮಾತ್ರ.

ಎರಡನೆಯವರು ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ೧೯೦೭ರ ಏಪ್ರಿಲ್ ೧ರಂದು ಜನಿಸಿ, ೧೯೩೦ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ, ೧೯೪೧ರಲ್ಲಿ ಮಠದ ಪೂರ್ಣ ಹೊಣೆಯನ್ನು ಹೊತ್ತು, ೨೦೧೯ರ ಜನವರಿ ೨೧ರಂದು ನೂರಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಆದಿಯಲ್ಲಿ ಜೋಳಿಗೆಯನ್ನು ಹಿಡಿದು ಹಳ್ಳಿಹಳ್ಳಿಗಳಲ್ಲಿ ಧಾನ್ಯವನ್ನು ಬೇಡಿತಂದು ಮಕ್ಕಳಿಗೆ ಉಣಬಡಿಸಿದರು. ಅವರ ಕೊನೆಯ ವರ್ಷಗಳಲ್ಲಿ ಮಠದ ಆಶ್ರಯದಲ್ಲಿ ಅನ್ನವನ್ನೂ ಅಕ್ಷರವನ್ನೂ ಪಡೆಯುತ್ತಿದ್ದ ಮಕ್ಕಳು ಎಂಟು ಸಾವಿರಕ್ಕೂ ಮಿಗಿಲು. ೨೦೦೭ರಲ್ಲಿ ಕರ್ನಾಟಕರತ್ನ, ೨೦೧೫ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಬಂದುವು. ಅವರು ಲಿಂಗೈಕ್ಯರಾದುದು ಮಧ್ಯಾಹ್ನಕ್ಕೆ ಮುನ್ನ. ಆದರೆ ಮಠದ ಮಕ್ಕಳೆಲ್ಲರ ಊಟ ಮುಗಿಯುವವರೆಗೆ ಸುದ್ದಿಯನ್ನು ಪ್ರಕಟಿಸಲಿಲ್ಲ. ಮಕ್ಕಳು ಹಸಿದಿರಬಾರದೆಂಬ ಅವರ ಇಚ್ಛೆಯಂತೆಯೇ ಹಾಗೆ ಮಾಡಲಾಯಿತು. ನೂರಹನ್ನೊಂದು ವರ್ಷಗಳ ಲೆಕ್ಕವೆಲ್ಲವೂ ಆ ಒಂದು ಹೊತ್ತಿನ ಊಟದಲ್ಲಿ ಸೇರಿಬಂದಂತೆ ತೋರುವುದು.

ಇಷ್ಟಕ್ಕೆ ನಿಲ್ಲಿಸಿದರೆ ವಿಚಾರವು ಸುಲಭವಾಗಿ ಮುಗಿದಂತಾಗುವುದು: ಕೊನೆಯವರೆಗೂ ದುಡಿಯಿರಿ, ಆಗ ದೀರ್ಘಾಯುಷ್ಯವು ಸಾರ್ಥಕ. ಆದರೆ ಅದು ಅರ್ಧಸತ್ಯ. ಇಂತಹ ಮಹನೀಯರು ಲಕ್ಷಕ್ಕೊಬ್ಬರು. ಹಾಸಿಗೆ ಹಿಡಿದ, ಕಣ್ಣು ಮಂಜಾದ, ಮಕ್ಕಳ ಹೆಸರನ್ನೇ ಮರೆತ ಮುದಿಜೀವವು ಏನು ಮಾಡಬೇಕು? ಒಂದು ಕಾಲದಲ್ಲಿ ಇಡೀ ತರಗತಿಯನ್ನು ಒಂದು ನೋಟದಿಂದ ಸುಮ್ಮನಾಗಿಸುತ್ತಿದ್ದ ಮೇಷ್ಟ್ರು ಇಂದು ಗಂಜಿಯ ಬಟ್ಟಲನ್ನು ತಾವೇ ಎತ್ತಲಾರರು. ಕಾಯಕದಿಂದಲೇ ಮನುಷ್ಯನಿಗೆ ಬೆಲೆಯೆಂಬ ಮಾತನ್ನು ವಿವೇಚನೆಯಿಲ್ಲದೆ ಹಿಡಿದುಕೊಂಡರೆ, ಅಂತಹವರ ಉಸಿರು ವ್ಯರ್ಥವೆಂದು ಹೇಳಬೇಕಾಗುವುದು. ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಹಾಗೆಂದುಕೊಳ್ಳುವ ಮನೆಗಳು ಇಲ್ಲದಿಲ್ಲ. ೨೦೦೭ರಲ್ಲಿ ತಂದೆತಾಯಿಗಳ ಪೋಷಣೆಗಾಗಿ ದೇಶವು ಒಂದು ಕಾನೂನನ್ನೇ ಮಾಡಬೇಕಾಗಿ ಬಂದಿತು. ಪ್ರೀತಿಯಿಂದ ನಡೆಯಬೇಕಾದುದನ್ನು ಕಾನೂನಿನಿಂದ ನಡೆಸಬೇಕಾಗಿ ಬಂದುದೇ ಈ ಪ್ರಶ್ನೆಯ ತೀವ್ರತೆಗೆ ಸಾಕ್ಷಿ.

ಸರ್ಕಾರವೂ ತನ್ನದೇ ಆದ ರೀತಿಯಲ್ಲಿ ಈ ಪ್ರಶ್ನೆಯನ್ನು ಎದುರಿಸಿದೆ. ಕೇಂದ್ರ ಸರ್ಕಾರದ ನಿವೃತ್ತರಿಗೆ ಎಂಬತ್ತು ವರ್ಷ ತುಂಬಿದಾಗ ಮೂಲ ವಿಶ್ರಾಂತಿ ವೇತನದ ಮೇಲೆ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿನ ವಿಶ್ರಾಂತಿ ವೇತನವೂ, ನೂರು ತುಂಬಿದಾಗ ಇಮ್ಮಡಿಯೂ ದೊರೆಯುವುದು. ದುಡಿಮೆಯು ಹೆಚ್ಚಿದುದಕ್ಕಾಗಿ ಅಲ್ಲ, ಅಗತ್ಯವು ಹೆಚ್ಚಿದುದಕ್ಕಾಗಿ. ಇದರಲ್ಲಿ ಒಂದು ನೀತಿಯಿದೆ: ವೃದ್ಧನಿಗೆ ಕೊಡುವಾಗ ಇಂದು ಏನು ಮಾಡಿದೆಯೆಂದು ಕೇಳಬಾರದು. ಆದರೆ ಅದೇ ಸರ್ಕಾರವು ವರ್ಷಕ್ಕೊಮ್ಮೆ ಆತನು ಜೀವಂತನೆಂಬುದಕ್ಕೆ ಪ್ರಮಾಣಪತ್ರವನ್ನೂ ಕೇಳುವುದು. ೨೦೧೪ರಿಂದ ಯಂತ್ರದ ಮೇಲೆ ಬೆರಳನ್ನೊತ್ತಿ ಆ ಪ್ರಮಾಣವನ್ನು ಕೊಡುವ ಏರ್ಪಾಡು ಇದೆ. ಅತಿವೃದ್ಧರ ಬೆರಳಿನ ಗೆರೆಗಳು ಸವೆದುಹೋಗಿ ಯಂತ್ರವು ಅವರನ್ನು ಗುರುತಿಸದಿರುವುದೂ ಉಂಟು. ಸಾವಿರ ಮಕ್ಕಳ ಕೈಹಿಡಿದು ಅಕ್ಷರವನ್ನು ತಿದ್ದಿಸಿದ ಬೆರಳು, ತಾನು ಬದುಕಿದ್ದೇನೆಂಬುದಕ್ಕೆ ಸಾಕ್ಷಿ ಹೇಳಲಾರದು. ಯಂತ್ರವು ಗುರುತಿಸದಿದ್ದರೆ ಬೇರೆ ದಾರಿಯಿದೆ. ಮನೆಯವರೇ ಗುರುತಿಸದಿದ್ದರೆ ಯಾವ ದಾರಿಯೂ ಇಲ್ಲ.

ಶರಣರ ವಿಚಾರದಲ್ಲಿ ಕಾಯಕದ ಜೊತೆಗೆ ದಾಸೋಹವೂ ಇರುವುದನ್ನು ಇಲ್ಲಿ ಮರೆಯಬಾರದು. ದಾಸೋಹವು ಎರಡು ಕೈಗಳಿಂದ ನಡೆಯುವ ಕಾರ್ಯ: ನೀಡುವ ಕೈಯೊಂದು, ಸ್ವೀಕರಿಸುವ ಕೈಯೊಂದು. ಸ್ವೀಕರಿಸುವವರೇ ಇಲ್ಲದಿದ್ದರೆ ಲಕ್ಕಮ್ಮನ ಅಡಿಗೆಯು ಬರಿಯ ಅಡಿಗೆಯಾಗುತ್ತಿತ್ತು. ಬಾಳೆಲ್ಲ ನೀಡಿದವನಿಗೆ ಸ್ವೀಕರಿಸುವುದು ಬಹಳ ಕಷ್ಟವಾದ ಪಾಠ. ಕಲಿಸಿ ಅಭ್ಯಾಸವಾದ ಉಪಾಧ್ಯಾಯನಿಗಂತೂ ಮತ್ತೆ ಕಲಿಯುವವನಾಗುವುದು, ತನ್ನ ಶಿಷ್ಯನ ವಯಸ್ಸಿನವರಿಂದ ಮೈತೊಳೆಸಿಕೊಳ್ಳುವುದು, ಊಟವಾಯಿತೇ ಎಂಬ ಪ್ರಶ್ನೆಗೆ ಸಿಡುಕದೆ ಉತ್ತರಿಸುವುದು, ಅಹಂಕಾರವನ್ನು ಬೇರುಸಹಿತ ಕೀಳುವ ಸಾಧನೆ. ಸಿದ್ಧಗಂಗೆಯ ಹಿರಿಯರೂ ೨೦೧೮ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾಗಿ, ಕೊನೆಯ ದಿನಗಳಲ್ಲಿ ಅನ್ಯರ ಆರೈಕೆಯಲ್ಲಿಯೇ ಇದ್ದರು. ಅದರಿಂದ ಅವರ ಬಾಳಿನ ಬೆಲೆ ಕಿಂಚಿತ್ತೂ ಕಡಿಮೆಯಾಯಿತೆಂದು ಯಾರೂ ಎಣಿಸಲಿಲ್ಲ. ಮಹಾಪುರುಷರ ವಿಷಯದಲ್ಲಿ ಎಲ್ಲರೂ ಒಪ್ಪುವ ಈ ನ್ಯಾಯವನ್ನು ಹಳ್ಳಿಯ ನಿವೃತ್ತ ಮೇಷ್ಟ್ರಿಗೂ, ಎಂದೂ ಶಾಲೆ ಕಾಣದ ಮುದುಕಿಗೂ ಅನ್ವಯಿಸುವುದರಲ್ಲಿಯೇ ಸಮಾಜದ ಪರೀಕ್ಷೆ.

ಇದರಲ್ಲಿ ಇನ್ನೊಂದು ನ್ಯಾಯವೂ ಅಡಗಿದೆ. ವೃದ್ಧರ ಸೇವೆಯನ್ನು ಪುಣ್ಯವೆಂದು ಹೊಗಳುವವರು ಬಹಳ; ಅದನ್ನು ಮಾಡುವವಳು ಸಾಮಾನ್ಯವಾಗಿ ಮನೆಯ ಸೊಸೆಯೊಬ್ಬಳೇ. ಅತ್ತೆಮಾವಂದಿರು ನೂರನ್ನು ಮುಟ್ಟುವ ವೇಳೆಗೆ ಆಕೆಗೂ ಎಪ್ಪತ್ತಾಗಿರುವುದು. ಆಕೆಯ ಮಂಡಿಯೂ ನೋಯುವುದು. ಶತಾಯುಷಿಗೆ ಶಾಲು ಹೊದಿಸಿ ಹಾರಹಾಕಿ ಭಾಷಣ ಮಾಡಿದವರು ಸಂಜೆಗೆ ಹಿಂದಿರುಗುವರು; ರಾತ್ರಿ ನೀರು ಕೇಳಿದಾಗ ಏಳುವವಳು ಆಕೆ. ಒಬ್ಬಳ ಬೆನ್ನಿನ ಮೇಲೆ ಇಡೀ ಮನೆಯ ಪುಣ್ಯವನ್ನು ಹೊರಿಸುವುದು ದಾಸೋಹವಾಗದು. ಮಗನೂ ಮೊಮ್ಮಗನೂ ನೆರೆಯವರೂ ಹಳೆಯ ಶಿಷ್ಯರೂ ಅದರಲ್ಲಿ ಪಾಲು ತೆಗೆದುಕೊಂಡಾಗ ಮಾತ್ರ ದೀರ್ಘಾಯುಷ್ಯವು ಮನೆಗೆ ಹೊರೆಯಾಗದೆ ಹಂಚಿಕೆಯಾಗುವುದು.

ಅತಿವೃದ್ಧರು ಬರಿಯ ಸ್ವೀಕರಿಸುವವರೆಂದೂ ತಿಳಿಯಬೇಕಾಗಿಲ್ಲ. ಹನೂರಿನ ಕಡೆಯ ಬೆಟ್ಟಗಳಲ್ಲಿ ಮಲೆಯ ಮಾದೇಶ್ವರನ ಕಥೆಯನ್ನು ದೇವರಗುಡ್ಡರು ಕಂಸಾಳೆಯ ತಾಳಕ್ಕೆ ರಾತ್ರಿಯೆಲ್ಲ ಹಾಡುವರು. ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ಹಾಡುವರು. ವಿದ್ವಾಂಸರು ಬರೆದುಕೊಳ್ಳುವುದಕ್ಕೆ ಎಷ್ಟೋ ಮುನ್ನ, ತಲೆಮಾರುಗಳ ಕಾಲ, ಅವು ಉಳಿದುದು ಮುದುಕರ ನಾಲಗೆಯ ಮೇಲೆ. ಯಾವ ತಲೆಮಾರಿನಲ್ಲಾದರೂ ಹಿರಿಯನೊಬ್ಬನು ಹಾಡನ್ನು ಕಲಿಸುವ ಮುನ್ನ ತೀರಿಹೋಗಿದ್ದರೆ ಅಷ್ಟು ಭಾಗವು ಅವನೊಡನೆಯೇ ಹೋಗುತ್ತಿತ್ತು. ಹಾಗೆಯೇ ನಿವೃತ್ತ ಉಪಾಧ್ಯಾಯನ ನೆನಪಿನಲ್ಲಿಯೂ ಒಂದು ಊರೇ ಇರುವುದು: ಯಾವ ಕೆರೆ ಎಂದು ಒಡೆಯಿತು, ಮಗ್ಗದ ಮನೆಯ ಹುಡುಗನು ಏಕೆ ಶಾಲೆಯನ್ನು ಬಿಟ್ಟನು, ಕೊಳ್ಳೇಗಾಲದ ಕಚೇರಿಗಳಿಗೆ ಮೈಸೂರಿನ ಕಾಗದ ಬರತೊಡಗಿದಾಗ ಜನರು ಏನೆಂದರು. ಇದನ್ನು ಕೇಳುವ ಕಿವಿಗಳಿದ್ದರೆ ಹೇಳುವುದೂ ಕಾಯಕವೇ. ಕೇಳುವವರಿಲ್ಲದೆ ನಿಂತುಹೋದ ಕಾಯಕಕ್ಕೆ ವೃದ್ಧನನ್ನು ಹೊಣೆಮಾಡುವುದು ಸಲ್ಲದು.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಭಾರ್ಗವಿಯ ದಡದಲ್ಲಿ ದೊಡ್ಡಸಂಪಿಗೆಯೆಂಬ ಮರವೊಂದಿದೆ. ಶತಮಾನಗಳನ್ನು ಕಂಡ ಆ ಮರವನ್ನು ಸೋಲಿಗರು ಪೂಜಿಸುವರು. ಅದರ ಬುಡದಲ್ಲಿ ಸಾಲುಸಾಲಾಗಿ ಲಿಂಗದ ಕಲ್ಲುಗಳಿವೆ. ಕಾಂಡವು ಗಂಟುಗಂಟಾಗಿ ಪೊಟರೆಬಿದ್ದ ಆ ಮರವನ್ನು ಸೋಲಿಗನು ಎಷ್ಟು ಹೂ ಬಿಟ್ಟಿತೆಂದು ಲೆಕ್ಕ ಕೇಳಿ ಪೂಜಿಸುವುದಿಲ್ಲ. ತನ್ನ ತಾತಮುತ್ತಾತಂದಿರು ಕೈಮುಗಿದ ಜೀವವು ಇನ್ನೂ ನಿಂತಿದೆಯೆಂಬ ಕೃತಜ್ಞತೆಯೇ ಅವನಿಗೆ ಸಾಕು. ಮನೆಯ ಮೂಲೆಯ ಮಂಚದ ಮೇಲಿರುವ ಜೀವದ ವಿಷಯದಲ್ಲಿಯೂ ಇದೇ ದೃಷ್ಟಿ ಇರತಕ್ಕದ್ದು.

ಹೀಗೆ ನೋಡಿದಾಗ, ಆದಿಯಲ್ಲಿ ಎತ್ತಿದ ಪ್ರಶ್ನೆಗೆ ಎರಡು ಮುಖದ ಉತ್ತರ ದೊರೆಯುವುದು. ದೀರ್ಘಾಯುಷ್ಯವನ್ನು ಪಡೆದವನು ಅದನ್ನು ತನ್ನ ಪುಣ್ಯವೆಂದು ಬೀಗದೆ, ಹೆಚ್ಚಾಗಿ ಬಂದ ಅಕ್ಕಿಯೆಂದು ತಿಳಿದು, ಶಕ್ತಿಯಿರುವವರೆಗೆ ಹಂಚಬೇಕು. ಶಕ್ತಿಯು ಉಡುಗಿದಾಗ ನಾಚದೆ ಸ್ವೀಕರಿಸಬೇಕು. ಇದು ಅವನು ತನಗೆ ತಾನೇ ಕೇಳಿಕೊಳ್ಳಬೇಕಾದ ಲೆಕ್ಕ. ಸುತ್ತಲಿನವರಾದರೋ ಆ ಲೆಕ್ಕವನ್ನು ಅವನಿಂದ ಕೇಳತಕ್ಕದ್ದಲ್ಲ. ಕಾಯಕವು ತನ್ನನ್ನು ಅಳೆದುಕೊಳ್ಳಲು ಇರುವ ಕೋಲು. ಮುದುಕನಾದ ಇನ್ನೊಬ್ಬನನ್ನು ಅಳೆದು ಹೊರಗಿಡಲು ಇರುವ ಕೋಲಲ್ಲ. ಈ ಭೇದವನ್ನು ಅರಿತ ಮನೆಯಲ್ಲಿ ವಯಸ್ಸು ಎಷ್ಟೆಂಬುದು ದಾಖಲಾತಿ ಪುಸ್ತಕಕ್ಕೆ ಸೇರಿದ ವಿಷಯ; ಗಂಜಿಯು ಬಿಸಿಯಾಗಿದೆಯೇ ಎಂಬುದು ಮನೆಗೆ ಸೇರಿದ ವಿಷಯ.